ನಾನು ಕಿತ್ತ ಹಾಲುಹಲ್ಲು

ಹರಿಹರ
೨೩ ಮೇ ೨೦೨೪

ಮುದ್ದಿನ ಸೊಸೆ ರೂಪಶ್ರೀಗೆ, ಅತ್ತೆ ಸರ್ವಮಂಗಳಮ್ಮ ಮನಸಾರೆ ಹರಸಿ ಬರೆಯುವುದು.

ನಾನೂ ನಿನ್ನ ಮಗಳೂ ಇಲ್ಲಿ ಚೆನ್ನಾಗಿದ್ದೇವೆ. ಸಿಂಚನಾಳ ಹಲ್ಲು ತೋರಿಸಿಕೊಂಡು ಬಂದು ಐದು ದಿನವಾಯಿತು. ಡಾಕ್ಟರು ಏನಂದರು ಎಂದು ನೀನು ಕೇಳಿದಾಗಲೆಲ್ಲ "ಇನ್ನೊಮ್ಮೆ ಬರಾಕೆ ಹೇಳ್ಯಾರೆ" ಅಂತ ಹಾರಿಸಿದೆ. ತಪ್ಪಾಯಿತು. ಮೂರು ಸಲ ಫೋನು ಕೈಗೆತ್ತಿಕೊಂಡೆ, ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳೇ ಹೇಳಿಬಿಡುತ್ತೇನೆ ಅನ್ನಿಸಿ ಕೆಳಗಿಟ್ಟೆ. ಅದಕ್ಕೇ ಈ ಕಾಗದ. ಭಾನುವಾರ ಬಕ್ಕೇಶ ಮಗಳನ್ನು ಕರೆದೊಯ್ಯಲು ಬಂದಾಗ ಅವನ ಕೈಗೆ ಕೊಡುತ್ತೇನೆ. ದಾರಿಯಲ್ಲಿ ಒಡೆದು ಓದುತ್ತಾನೆ ಅನ್ನುವ ಭಯವಿಲ್ಲ, ನಿನ್ನ ಗಂಡ ಕರೆಂಟ್ ಬಿಲ್ಲನ್ನೇ ಓದುವವನಲ್ಲ.

ನಿನಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲವೆಂದು ನಾನೇ ದಾವಣಗೆರೆಗೆ ಕರೆದುಕೊಂಡು ಹೋದೆನಲ್ಲ. ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಎಕ್ಸ್‌ರೇ ತೋರಿಸಿದರು. ಬೇರೆ ಕಡೆಯೆಲ್ಲ ಹೊಸ ಹಲ್ಲು ಒಳಗೆ ಸಾಲಾಗಿ ಕೂತಿವೆ, ಮೇಲಿನ ಸಾಲಿನಲ್ಲಿ ಹಾಲುಹಲ್ಲು ಹೋದ ಆ ಒಂದು ಸಂದಿನಲ್ಲಿ ಮಾತ್ರ ಏನೂ ಇಲ್ಲ. "ಹುಟ್ಟಿನಿಂದಲೇ ಇಲ್ಲ ಅಜ್ಜಿ, ಇನ್ನು ಬರಲ್ಲ" ಅಂದರು. ದೊಡ್ಡ ತಿಳಿದವಳ ಹಾಗೆ "ಇಂಪ್ಲಾಂಟ್ ಕೂರಿಸಿಬಿಡ್ರಿ" ಅಂದೆ. ಎಂಟು ವರ್ಷದ ಮಗುವಿಗೆ ಆಗುವುದಿಲ್ಲವಂತೆ, ದವಡೆ ಬೆಳೆದು ನಿಲ್ಲಬೇಕು, ಹದಿನೆಂಟಾದರೂ ದಾಟಬೇಕು. ಅಲ್ಲಿಯವರೆಗೆ, ತೆಗೆದು ಹಾಕುವ ಪ್ಲೇಟಿನಲ್ಲಿ ಒಂದು ಹಲ್ಲು ಕೂರಿಸಿ ಕೊಡುತ್ತಾರೆ, ಬಾಯಿ ಬೆಳೆದಂತೆ ಅದನ್ನು ಬದಲಾಯಿಸುತ್ತಿರಬೇಕು. ಇಲ್ಲವೇ ಉಳಿದ ಹಲ್ಲು ಬಂದ ಮೇಲೆ ತಂತಿ ಹಾಕಿಸಿ, ಪಕ್ಕದ ಹಲ್ಲು ಸರಿಸಿ ಸಂದು ಮುಚ್ಚಬಹುದು. ನೀವಿಬ್ಬರೂ ಹೋಗಿ ಮಾತಾಡಿ. ಕೊನೆಗೆ ಅವರು "ಆ ಹಾಲುಹಲ್ಲನ್ನ ಜೋಪಾನ ಮಾಡಿದ್ರೆ ಇನ್ನೂ ಕೆಲವು ವರ್ಷ ನಡೀತಿತ್ತು" ಅಂದರು.

ಆ ಹಲ್ಲು ತಾನಾಗಿ ಬೀಳಲಿಲ್ಲ ರೂಪಾ. ರಜೆಗೆ ಅವಳನ್ನು ಇಲ್ಲಿ ಬಿಡುವಾಗ ನೀನು ಬಾಗಿಲಲ್ಲೇ ನಿಂತು ಹೇಳಿದ್ದೆ: "ಅತ್ತೆ, ಆ ಹಲ್ಲಿನ ತಂಟೆಗೆ ಹೋಗಬ್ಯಾಡ್ರಿ. ಅದರ ಹಿಂದೆ ಬೇರೆ ಹಲ್ಲೇ ಇಲ್ಲಂತೆ." ಹ್ಞೂಂ ಅಂದೆ. ಮೂರು ಮಕ್ಕಳ ಹಲ್ಲು ಕಿತ್ತವಳಿಗೆ ಇವಳೇನು ಹೇಳುವುದು ಎಂದು ಒಳಗೊಳಗೇ ಜಂಬ. ಹಳೆಯದು ಜಾಗ ಬಿಟ್ಟರೆ ಹೊಸದು ಬಂದೇ ಬರುತ್ತದೆ ಅಂದುಕೊಂಡೆ. ಹಲ್ಲು ಚೂರು ಅಲುಗುತ್ತಿತ್ತು. ನಾಲ್ಕು ದಿನ ಅಲ್ಲಾಡಿಸಿ, ದಾರ ಕಟ್ಟಿ ಎಳೆದೆ. ಸಗಣಿ ಉಂಡೆಯೊಳಗಿಟ್ಟು, ಗರಿಕೆ ಸಿಕ್ಕಿಸಿ, ಅವಳ ಕೈಯಿಂದಲೇ ಮಾಳಿಗೆ ಮೇಲಕ್ಕೆ ಎಸೆಸಿದೆ. "ಹೊಸ ಹಲ್ಲು ಬರ್ತೈತೆ ನೋಡು, ಅಲ್ಲೀತನಕ ಅಮ್ಮಗೆ ಹೇಳಬ್ಯಾಡ" ಅಂದೆ. ಪಾಪ, ದಿನಾ ಎದ್ದ ಕೂಡಲೇ ಕನ್ನಡಿ ನೋಡುತ್ತಿದ್ದಳು. ಕ್ಲಿನಿಕ್ಕಿನಿಂದ ಬಂದ ಮೇಲೆ ನೋಡಿಲ್ಲ.

ಸಿಟ್ಟಾಗಬೇಡ ಅನ್ನುವುದಿಲ್ಲ, ಆಗು. ಅವಳನ್ನು ಇನ್ನು ನನ್ನ ಹತ್ತಿರ ಬಿಡುವುದೂ ಬಿಡದಿರುವುದೂ ನಿನ್ನ ಇಷ್ಟ. ನೀವು ಮೂವರೂ ನೂರು ಕಾಲ ನಗುನಗುತ್ತಾ ಇರಿ.

ನಿನ್ನ ಅತ್ತೆ,
ಸರ್ವಮಂಗಳಮ್ಮ

ವಿ.ಸೂ.: ಇದನ್ನು ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ರಜೆಯ ನಡುವೆ ಅವತ್ತು ನೀನು ಮಗಳನ್ನು ನೋಡಲು ಬಂದವಳೇ ಸಂದು ಕಂಡು "ಏನಾತ್ರಿ ಅತ್ತೆ?" ಅಂದಾಗ, "ನಾಲಿಗೆ ಹಾಕಿ ಹಾಕಿ ತಾನೇ ಬೀಳಿಸ್ಕಂಡ್ಳು" ಅಂದವಳು ನಾನು. ನೀನು ಅವಳ ಕೆನ್ನೆಗೆ ಹೊಡೆದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ "ಯಾರು ಪುಟ್ಟಿ ಹಲ್ಲು ಕಿತ್ತಿದ್ದು?" ಎಂದು ಕೇಳಿದರು. ಅವಳು ನನ್ನ ಸೆರಗು ಹಿಡಿದುಕೊಂಡು "ನಾನೇ ಕಿತ್ಕಂಡೆ" ಅಂದಳು. ಈ ಕಾಗದವನ್ನು ಅವಳ ಎದುರಿಗೇ ಗಟ್ಟಿಯಾಗಿ ಓದು.