ದುಪಟ್ಟಾದಲ್ಲಿ ತುಂಬಿದ ಮಡಿಲಕ್ಕಿ

ಚೆನ್ನೈ, ಶನಿವಾರ ಸಂಜೆ

ಸೊಸೆ ಸುಧಾಗೆ ಅತ್ತೆಯ ಆಶೀರ್ವಾದ ಸೇರಲಿ.

ನಿನ್ನ ಮಗಳು ಬಿಂದುಶ್ರೀ ಇವತ್ತು ಫಿರಂಗಿ ದಳದ ಆಫೀಸರ್ ಆದಳು. ಒಂದು ಹೆಗಲಿಗೆ ಅವಳಪ್ಪ ಭಾನು, ಇನ್ನೊಂದಕ್ಕೆ ನಾನು ನಕ್ಷತ್ರ ಸಿಕ್ಕಿಸಿದೆವು. "ಮದುವೆ ಮಾಡಿ ಕಳಿಸೋವಾಗ ಮಡಿಲಕ್ಕಿ ಕಟ್ತೀನಿ, ಫಿರಂಗಿ ಹೊಡೆಯೋಕೆ ಹೋಗೋಳಿಗೆ ಕಟ್ಟಲ್ಲ" ಅಂತ ನೀನು ಊರಲ್ಲೇ ಉಳಿದೆಯಲ್ಲ, ಅದಕ್ಕೇ ಅಕ್ಕಿ, ಬೆಲ್ಲ, ನಮ್ಮ ತೋಟದ ಕಾಯಿ ನಾನೇ ತಂದಿದ್ದೆ. ಕೊಡೋಣವೆಂದರೆ ಪ್ಯಾಂಟು ಹಾಕಿದವಳಿಗೆ ಸೆರಗೆಲ್ಲಿ ಬರಬೇಕು?

"ಟೋಪಿ ಒಡ್ಡಲಾ ಅಜ್ಜಿ?" ಅಂದಳು.

"ಮಡಿಲಕ್ಕಿ ಕಣೇ ಇದು, ಭಿಕ್ಷೆ ಅಲ್ಲ" ಅಂದೆ.

ಪಕ್ಕದಲ್ಲಿ ಅವಳ ಗೆಳತಿಯ ತಾಯಿ ಇದ್ದರು, ಹರಿಯಾಣದವರು. ನಮ್ಮ ಮಾತು ಒಂದೂ ತಿಳಿಯದಿದ್ದರೂ ತಮ್ಮ ದುಪಟ್ಟಾ ತೆಗೆದು ಇವಳ ಕೈಮೇಲೆ ಹಾಸಿಬಿಟ್ಟರು. ಯೂನಿಫಾರ್ಮಿನಲ್ಲೇ ಮೊಮ್ಮಗಳ ಮಡಿಲು ತುಂಬಿದೆ.

ತವರು ಬರಿದಾಗಬಾರದೆಂದು ಹಿಂದಕ್ಕೆ ಹಾಕುವ ಹಿಡಿ ಅಕ್ಕಿಯನ್ನು ಮಾತ್ರ ನನಗೆ ಕೊಡಲಿಲ್ಲ. "ಅದು ಅಮ್ಮನ ಕೈಗೇ ಕಣಜ್ಜಿ, ಅಮ್ಮ ತಗೋತಾಳಾ?" ಅಂತ ಕೇಳುತ್ತಾ ಕರ್ಚೀಫಿನಲ್ಲಿ ಗಂಟು ಕಟ್ಟಿ ಜೇಬಿಗೆ ಇಟ್ಟುಕೊಂಡಳು.

ಇಲ್ಲಿನ ಸೆಖೆಗೆ ನನ್ನ ಕಾಲು ಕೊಂಚ ಊದಿದೆ, ಗಾಬರಿಪಡಬೇಡ. ಕಾಯಿ ಕೀಳುವವನು ಬಂದರೆ ಬಾವಿ ಪಕ್ಕದ ಸಾಲು ಮೊದಲು ಕೀಳಿಸು. ಅವಳಿಗೆ ರಜೆ ಸಿಕ್ಕಿದೆ. ಕಂಚಿ ನೋಡಿಕೊಂಡು ಮುಂದಿನ ಶುಕ್ರವಾರ ಮೂವರೂ ಅಮೃತೂರಿಗೆ ಬರುತ್ತೇವೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಅಕ್ಕಿ ಡಬ್ಬದ ಮುಚ್ಚಳ ತೆಗೆದಿಟ್ಟಿರು.

ನಿನ್ನ ಅತ್ತೆ,
ದೊಡ್ಡಗಂಗಮ್ಮ