ನಾನು ಕಡಲಿಗೆ ಬಿಟ್ಟ ಮೀನುಗಳು

ಬನಹಟ್ಟಿ
11 ಏಪ್ರಿಲ್ 2025

ಪ್ರೀತಿಯ ನಾಗವೇಣಿ,

ನಿನ್ನ ಪತ್ರ ಬಂದದ್ದು ಸಂಕ್ರಾಂತಿ ಮುಗಿದ ವಾರ. ನಿನ್ನೆ ಮಹಾವೀರ ಜಯಂತಿಯೂ ಆಗಿಹೋಯಿತು. ಒಂದು ಉತ್ತರಕ್ಕೆ ಮೂರು ತಿಂಗಳು ಬೇಕೇನೇ ಎಂದು ಬೈ, ಬೈಸಿಕೊಳ್ಳುತ್ತೇನೆ. ಎಡಗಣ್ಣಿನ ಪೊರೆ ತೆಗೆಸಿದೆ, ಮೊಣಕಾಲು ಏಳಗೊಡುವುದಿಲ್ಲ ಎಂದು ನೆಪ ಹೇಳಬಹುದು. ಎರಡೂ ನಿಜವೇ. ಆದರೆ ಬರೆಯದೆ ಕೂತದ್ದು ಅದಕ್ಕಲ್ಲ. ಫೋನಿನಲ್ಲಿ ಹೇಳಿಬಿಡೋಣವೆಂದರೆ, ನಿನ್ನ ದನಿ ಕೇಳಿದ ಕೂಡಲೇ ನಾನು ಬಿಸಿಲು ಎಷ್ಟಿದೆ ಎಂದು ಮಾತಾಡಿ ಇಟ್ಟುಬಿಡುತ್ತೇನೆ. ಅದು ನಿನಗೂ ಗೊತ್ತು.

ಇಲ್ಲಿ ಎಲ್ಲರೂ ಆರಾಮ. ಮಗ ನೇಮಿನಾಥನ ಬಟ್ಟೆ ಅಂಗಡಿ ನಡೆದಿದೆ. ಪಕ್ಕದ ಮನೆಯ ಪ್ರಭುಲಿಂಗ ಇನ್ನೆರಡು ಪವರ್‌ಲೂಮ್ ತಂದು ಹಾಕಿದ್ದಾನೆ. ಆ ಸದ್ದಿನಲ್ಲಿ ನಾವು "ನೀರು ಕೊಡು" ಎನ್ನುವುದನ್ನೂ ಜಗಳಾಡುವವರ ಹಾಗೆ ಕೂಗಿ ಹೇಳಬೇಕು. ಕರೆಂಟು ಹೋಗಿ ಮಗ್ಗ ನಿಂತಾಗ ನಮ್ಮ ದನಿಗೆ ನಾವೇ ನಾಚಿಕೊಳ್ಳುತ್ತೇವೆ. ಸೊಸೆ ಭಾಗ್ಯಾ ಸಂಜೆ ಐದಕ್ಕೆ ಬ್ಯಾಂಕಿನಿಂದ ಬರುತ್ತಾಳೆ, ಬಂದವಳೇ ಒಲೆಯ ಮುಂದೆ. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕಲ್ಲ. ನೇಮಿನಾಥ ಗಿರಾಕಿಯನ್ನು ಅಂಗಡಿಯಲ್ಲೇ ಕೂರಿಸಿ ಗಾಡಿ ಓಡಿಸಿಕೊಂಡು ಬರುತ್ತಾನೆ. ನಲವತ್ತು ವರ್ಷ ನಾನೂ ಈ ಓಟ ಓಡಿದವಳೇ. ನಮ್ಮ ನೇಮ ತಪ್ಪೆನ್ನುತ್ತಿಲ್ಲ ಮಾರಾಯ್ತಿ, ದಣಿದಿದ್ದೇನೆ ಎನ್ನುತ್ತಿದ್ದೇನೆ ಅಷ್ಟೇ.

ಈಗ ಸುದ್ದಿಗೆ ಬರುತ್ತೇನೆ. ಮೊಮ್ಮಗಳು ಮಾನಸಿ ನನ್ನ ಸಂಗಡ ಮಾತು ಬಿಟ್ಟಿದ್ದಳು. ಕಾರಣ ನಿನ್ನ ಪುಸ್ತಕಗಳು. ಅಲ್ಲ, ಕಾರಣ ನಾನೇ.

ನೀನು ಮಕ್ಕಳಿಗಾಗಿ ಬರೆದ ನಾಲ್ಕು ಪುಸ್ತಕಗಳನ್ನೂ ಅವಳಿಗೆ ಓದಿ ಹೇಳಿದವಳು ನಾನು. ನಿಮ್ಮ ಕೊಲ್ಲಿ, ದಂಡೆಯ ಮೇಲಿನ ಮನೆಗಳು, ಅಪ್ಪನ ದೋಣಿ ಬರುವುದನ್ನು ಕಾಯುವ ಮಕ್ಕಳು, ಎಲ್ಲ ಅವಳಿಗೆ ಬಾಯಿಪಾಠ. ಅವಳದು ಇಂಗ್ಲಿಷ್ ಮೀಡಿಯಂ ಶಾಲೆ. ಎಂಟು ವರ್ಷವಾದರೂ ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಹೀಗಾಗಿ ಚಿತ್ರ ನೋಡುವುದು ಅವಳ ಪಾಲು, ಓದುವುದು ನನ್ನ ಪಾಲು. ಆದರೆ ನಾಗವೇಣಿ, ನೀನು ಬರೆದದ್ದನ್ನು ನಾನು ಓದಲಿಲ್ಲ. ಕಾಲಡಿ ಇರುವೆ ಸತ್ತರೆ ಅಳುವ ಕೂಸು ಅದು. ಅದಕ್ಕೆ ಬಲೆ ತುಂಬ ಮೀನು ಸತ್ತವು ಎಂದು ಹೇಗೆ ಓದಲಿ? ಮೊದಲನೇ ಪುಸ್ತಕದಲ್ಲಿ ಒಂದೇ ಒಂದು ಮಾತು ಸೇರಿಸಿದೆ: "ಅಪ್ಪ ಮೀನುಗಳನ್ನು ಎಣಿಸಿ ಮತ್ತೆ ಕಡಲಿಗೆ ಬಿಟ್ಟನು."

ಸುಳ್ಳು ಒಂದಕ್ಕೇ ನಿಂತದ್ದುಂಟೇ? ಮೂರು ವರ್ಷ ನಿಮ್ಮೂರಿನ ದೋಣಿಗಳೆಲ್ಲ ದಿನಾ ಮುಂಜಾನೆ ಮೀನು ಹಿಡಿದು, ಎಣಿಸಿ, ಬಿಟ್ಟು ಬಂದವು. "ಯಾಕ ಎಣಸ್ತಾರಜ್ಜಿ?" ಎಂದಳು. "ಎಲ್ಲಾ ಆರಾಮ ಅದಾವೇನು ಅಂತ ನೋಡಾಕವ್ವಾ" ಎಂದೆ. ಬುಟ್ಟಿ ತುಂಬ ಮೀನಿರುವ ಚಿತ್ರ ಬಂದರೆ ಎರಡು ಪುಟ ಒಟ್ಟಿಗೆ ಮಗುಚುತ್ತಿದ್ದೆ.

ಮಾರ್ಚ್ ತಿಂಗಳಲ್ಲಿ ಮದುವೆಗೆಂದು ಬೀಳಗಿಗೆ ಹೋಗಿದ್ದೆವು. ಕೃಷ್ಣೆಯ ಹಿನ್ನೀರು ಕಂಡದ್ದೇ, "ಅಜ್ಜೀ, ಇದ ಕೊಲ್ಲಿ ಏನು?" ಎಂದು ನನ್ನ ಕೈ ಬಿಡಿಸಿಕೊಂಡು ಓಡಿದಳು. ಅಲ್ಲೊಬ್ಬಾತ ಬಲೆ ಎಳೆದು ದಂಡೆಗೆ ಹಾಕಿದ್ದ. ಹಣಮಪ್ಪ ಅಂತ ಹೆಸರು. ಇವಳು ಅವನೆದುರು ಕುಕ್ಕರಗಾಲಲ್ಲಿ ಕೂತು, ಬೆರಳು ಮಡಚಿ ಎಣಿಸಿದಳು.

"ಕಾಕಾ, ಇಪ್ಪತ್ತಮೂರು ಅದಾವರಿ. ಈಗ ಬಿಡ್ರಿ."

"ಎಲ್ಲಿ ಬಿಡೂದು ತಂಗಿ?"

"ನೀರಾಗರಿ. ಕೊಲ್ಲ್ಯಾಗ ಎಲ್ಲಾರೂ ಹಂಗ ಮಾಡ್ತಾರ."

ಆತ ನಕ್ಕುಬಿಟ್ಟಿದ್ದರೆ ಆಗುತ್ತಿತ್ತು. ನಗಲಿಲ್ಲ. ನನ್ನ ಮುಖ ನೋಡಿ, "ಬಿಟ್ಟ ಮ್ಯಾಲ ನನ್ನ ಮಕ್ಕಳು ಏನ ತಿನ್ನಬೇಕ್ರಿ ಯವ್ವಾ?" ಎಂದು ನನ್ನನ್ನೇ ಕೇಳಿದ. ಮಾನಸಿಯನ್ನು ಎಬ್ಬಿಸಿಕೊಂಡು ಬಂದೆ.

ಮನೆಗೆ ಬಂದವಳು ನಿನ್ನ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿಕೊಂಡು ಕಟ್ಟೆಯ ಮೇಲೆ ಕೂತಳು. ನಾಲ್ಕು ದಿನ ಬೆರಳಿಟ್ಟು ಓದಿದಳು. ಐದನೆಯ ದಿನ ಬಂದು ನನ್ನ ಮುಂದೆ ನಿಂತಳು.

"ಬಿಟ್ಟನು ಅಂತ ಇದರಾಗ ಬರದೇ ಇಲ್ಲ. ಮಾರಿದನು ಅಂತ ಐತಿ. ನೀ ಸುಳ್ಳ ಓದಿದಿ."

"ಹೂಂನವ್ವಾ. ನಿನಗ ಅಳು ಬರತಿತ್ತಲ್ಲ, ಅದಕ."

"ಅಳತಿದ್ದೆ. ಅತ್ತು ಸುಮ್ಮ ಆಗತಿದ್ದೆ."

ಎಂಟು ವರ್ಷದ್ದರ ಬಾಯಿ ನೋಡು! ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಅಂದಿನಿಂದ ಅವಳು ತಾನೇ ಓದಿಕೊಳ್ಳತೊಡಗಿದಳು. ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಕೂತರೆ ಮಗ್ಗುಲು ಖಾಲಿ. ನೇಮಿನಾಥ, "ಇರಲಿ ಬಿಡವ್ವಾ, ಸಣ್ಣ ಹುಡುಗಿ, ಮರೀತಾಳ" ಎಂದ. ಮರೆಯುವುದೇನೋ ಸರಿ, ಆದರೆ ನನ್ನ ಮಾತನ್ನು ನಂಬುವುದು ಬಿಟ್ಟರೆ ಈ ವಯಸ್ಸಿನಲ್ಲಿ ನನ್ನ ಹತ್ತಿರ ಇನ್ನೇನಿದೆ ಹೇಳು.

ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. "ಆ ಅಜ್ಜಿ ಖರೆ ಬರದಾರ" ಎಂದು ಹೇಳಿಕೊಂಡು ತಿರುಗುತ್ತಾಳೆ. ನಾಲ್ಕನೇ ಪುಸ್ತಕ ಅವಳಿಗೆ ಜೀವ. ಬಯಲುಸೀಮೆಯ ಹುಡುಗಿ ಗೆಳತಿಯ ಮನೆಗೆ ಕೊಲ್ಲಿಗೆ ಬರುತ್ತಾಳಲ್ಲ, ಅದು. ಅವಳಿಗಾಗಿ ಆ ಮನೆಯಲ್ಲಿ ಎರಡು ದಿನ ಮೀನು ತರುವುದಿಲ್ಲ. ಮನೆಯ ತಾಯಿ ಹೊಸ ಗಡಿಗೆ ಕೊಂಡು, ಹೊಸ ಬಟ್ಟೆಯಲ್ಲಿ ನೀರು ಸೋಸಿ, ಹೊತ್ತು ಮುಳುಗುವ ಮೊದಲೇ ಬೆಲ್ಲದ ಪಾಯಸ ಮಾಡಿ ಬಡಿಸುತ್ತಾಳೆ. ಹುಡುಗಿ ಹೊಟ್ಟೆ ತುಂಬ ಉಂಡು, "ಇನ್ನೊಂದು ಸೌಟು" ಎಂದು ಕೇಳುತ್ತಾಳೆ. ನಾಲ್ಕು ಪುಸ್ತಕಗಳಲ್ಲಿ ನೀನು ಬರೆದ ಹಾಗೇ ನಾನು ಓದಿದ್ದು ಅದೊಂದನ್ನೇ.

ಮೊನ್ನೆ ಭಾನುವಾರ ಆ ಪುಸ್ತಕ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು. "ಇದಾದ್ರೂ ಖರೆ ಏನಜ್ಜಿ? ಈ ಹುಡುಗಿ ಉಂಡ್ಲಾ?"

"ಉಂಡ್ಲವ್ವಾ" ಎಂದೆ.

ಅವಳು ಮೊದಲಿನ ಹಾಗೆ ಮಗ್ಗುಲಿಗೆ ಬಂದು ಒರಗಿ ಕೂತಳು. ಆ ತಲೆಯ ಭಾರ ತೋಳಿನ ಮೇಲೆ ಬಿದ್ದಾಗ ನನಗಾದ ಸಂತೋಷವನ್ನು ಹೇಳಲಾರೆ. ಭಯವೂ ಅಷ್ಟೇ ಆಯಿತು.

ಮೇ ತಿಂಗಳಲ್ಲಿ ಮಾನಸಿಯನ್ನು ಕರೆದುಕೊಂಡು ಬಾ ಎಂದು ಬರೆದಿದ್ದೀಯ. ನಲವತ್ತೆರಡು ವರ್ಷದಲ್ಲಿ ನೀನು ಎಷ್ಟು ಸಲ ಕರೆದೆ, ನಾನು ಎಷ್ಟು ನೆಪ ಹೇಳಿದೆ! ಹೆರಿಗೆ, ಪರೀಕ್ಷೆ, ಶಾಲೆಯ ತಪಾಸಣೆ, ಯಜಮಾನರ ಕಾಯಿಲೆ. ಈಗ ನೆಪವೂ ತೀರಿವೆ, ಹುಡುಕುವ ತ್ರಾಣವೂ ತೀರಿದೆ. ಭಾಗ್ಯಾ ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿಬಿಟ್ಟಿದ್ದಾಳೆ. ಅವಳು ಚೀಲ ತುಂಬಿ ಕೂತಿದ್ದಾಳೆ. "ಆ ಹುಡುಗಿ ಯಾರು, ಈಗ ಎಲ್ಲಿ ಅದಾಳ, ಆ ಅಜ್ಜಿನ್ನ ಕೇಳೇ ಕೇಳ್ತೇನಿ" ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಾಳೆ.

ಮೇ ಎಂಟಕ್ಕೆ ಇಲ್ಲಿಂದ ಹೊರಡುತ್ತೇವೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಅಂಕೋಲೆಗೆ. ಯಾರನ್ನಾದರೂ ನಿಲ್ದಾಣಕ್ಕೆ ಕಳಿಸು, ನಿಮ್ಮ ಮನೆಯ ದಾರಿ ನನಗೆ ಮರೆತಿದೆ. ನಿನ್ನ ಬಿಪಿ ಗುಳಿಗೆ ತಪ್ಪಿಸಬೇಡ. ಮಗ ಸೊಸೆಗೆ, ಮೊನ್ನೆ ಹುಟ್ಟಿದ ಮೊಮ್ಮಗನಿಗೆ ನನ್ನ ಆಶೀರ್ವಾದ. ಆಯುಷ್ಯವಂತನಾಗಲಿ, ಈಜು ಕಲಿಯಲಿ.

ನಿನ್ನ
ಅನುಸೂಯಾ

ತಾ.ಕ.: ಆ ಹುಡುಗಿ ಉಣ್ಣಲಿಲ್ಲ ನಾಗವೇಣಿ. ನಾನು ಉಣ್ಣಲಿಲ್ಲ. ಆ ದಸರೆ ರಜೆಯಲ್ಲಿ ನೀನು ಹಾಸ್ಟೆಲಿನಿಂದ ನನ್ನನ್ನು ಕರೆದುಕೊಂಡು ಹೋದಾಗ, ನಿಮ್ಮವ್ವ ಎಲೆ ಹಾಕಿ ಕರೆದಳು. ಮೀನು ಬೇಯುವ ಮನೆ ಎಂದು ನನಗೆ ಹೇಸಿಕೆ. ಅದನ್ನು ಹೇಳಲಾರದೆ "ಹೊತ್ತು ಮುಳುಗಿತು, ಇನ್ನ ಉಣ್ಣಂಗಿಲ್ಲ" ಎಂದೆ. ನಮ್ಮೂರಲ್ಲಾಗಿದ್ದರೆ ಆ ಮಾತು ನಡೆದುಹೋಗುತ್ತಿತ್ತು, ಮನೆಗಳ ಹಿಂದೆ ಹೊತ್ತು ಯಾರಿಗೆ ಕಾಣುತ್ತದೆ? ನಿಮ್ಮವ್ವ ಅಂಗಳಕ್ಕೆ ಓಡಿ ನೋಡಿ ಬಂದು, ನನ್ನ ಕೈ ಹಿಡಿದು ಹೊರಗೆ ಕರೆದೊಯ್ದು, "ಇಲ್ಲ ತಂಗೀ, ಇನ್ನೂ ಕಂತಲಿಲ್ಲ. ನೋಡು" ಎಂದಳು. ಕಡಲಿನ ಮೇಲೆ ಇಡೀ ಸೂರ್ಯನಿದ್ದ. ಅದನ್ನು ನೋಡುತ್ತಲೇ ನಾನು ಹೊಟ್ಟೆನೋವು ಎಂದೆ. ಮರುದಿನ ಮುಂಜಾನೆ ಹಿತ್ತಲಲ್ಲಿ ಅವಳೊಬ್ಬಳೇ ಕೂತು ಆ ಹೊಸ ಗಡಿಗೆಯ ತಂಗಳು ಪಾಯಸ ತಿನ್ನುತ್ತಿದ್ದಳು. ನನ್ನನ್ನು ಕಂಡು, "ಹೊಟ್ಟೆನೋವು ಕಮ್ಮಿ ಆಯ್ತಾ ತಂಗೀ?" ಎಂದು ಕೇಳಿದಳು. ಅವಳು ತೀರಿ ಹದಿನಾಲ್ಕು ವರ್ಷ. ಅದಕ್ಕೂ ನಾನು ಬರಲಿಲ್ಲ. ನೀನು ಯಾಕೆ ಉಂಡಳೆಂದು ಬರೆದೆ? ಮಾನಸಿ ಕೇಳಿದರೆ ನಿಜ ಹೇಳು, ನನ್ನ ಎದುರಿಗೇ ಹೇಳು. ಹೇಳಿ ಮುಗಿದ ಮೇಲೆ, ಹೊತ್ತು ಇನ್ನೂ ಇದ್ದರೆ, ನನಗೂ ಒಂದು ಎಲೆ ಹಾಕು.