ಅಪ್ಪನ ಚಿತ್ರದ ಪುಸ್ತಕ, ಓಣಿಯವರ ಹಸಿರು ಬಳೆ

ತಿಕೋಟಾ
೪ ಮಾರ್ಚ್ ೨೦೨೫

ಚಿ. ಸೌ. ವಿಶಾಖಾಳಿಗೆ ಅಪ್ಪನ ಆಶೀರ್ವಾದ.

ನಾನು ಅರಾಮ ಇದ್ದೇನೆ, ಮೊಣಕಾಲು ನೋವು ಮಾತ್ರ ಇದ್ದಲ್ಲೇ ಇದೆ. ಮೊನ್ನೆಯಿಂದ ನಿನ್ನ ಫೋನ್ ಎತ್ತಲಿಲ್ಲ, ಸಿಟ್ಟಾಗಬೇಡ. ಎತ್ತಿದರೆ ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ. ಕಾಗದದಲ್ಲಾದರೆ ನಡುವೆ ನಿಂತು ಯೋಚಿಸಬಹುದು ಎಂದು ಬರೆಯಲು ಕೂತಿದ್ದೇನೆ.

ಎಲ್ಲ ಶುರುವಾದದ್ದು ವಿಜಯಪುರದ ಗಾಂಧಿ ಚೌಕಿನಲ್ಲಿ. ಕನ್ನಡಕ ರಿಪೇರಿಗೆ ಹೋದವನು ಬಿಸಿಲಿಗೆ ಅಂಜಿ ಅಬ್ದುಲಸಮದನ ಪುಸ್ತಕದಂಗಡಿಯಲ್ಲಿ ಕೂತೆ. ಮಕ್ಕಳ ಪುಸ್ತಕವೊಂದು ಕೈಗೆ ಸಿಕ್ಕಿತು. ಮುದಿ ಆಡೊಂದು ಪೇಟೆಗೆ ಹೋಗಿ ಛತ್ರಿ ಕೊಳ್ಳುತ್ತದೆ, ಕಥೆ ಅಷ್ಟೇ. ಆದರೆ ಚಿತ್ರ! ಪ್ರತಿ ಪುಟದ ಮೂಲೆಯಲ್ಲೂ ಒಂದು ಇಲಿ ಅದರ ಬೆನ್ನು ಹತ್ತಿದೆ. ಕಥೆ ಬರೆದವರು ಆ ಇಲಿಯ ಸುದ್ದಿಯನ್ನೇ ಎತ್ತಿಲ್ಲ. ಆಡಿಗೂ ಗೊತ್ತಿಲ್ಲ. ಗೊತ್ತಿರುವುದು ನನಗೊಬ್ಬನಿಗೇ! ಅಂಗಡಿಯಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಜನ್ಮವಿಡೀ ಬಸ್ ಓಡಿಸಿದವನು ನಾನು. ದಿನಾ ಸಾರವಾಡ, ಬಬಲೇಶ್ವರ ಎಂದು ತಿರುಗಿದರೂ ಕಣ್ಣು ರಸ್ತೆಯ ಮೇಲೇ ಇರಬೇಕಿತ್ತು. ಹೊಲದಲ್ಲಿ ಯಾರಿದ್ದಾರೆ, ಬೇವಿನ ಮರದ ಕೆಳಗೆ ಏನು ನಡೆದಿದೆ ಎಂದು ಪಕ್ಕಕ್ಕೆ ಹೊರಳಿ ನೋಡುವ ಹಾಗಿರಲಿಲ್ಲ. ಈಗ ಒಂದೇ ಪುಟದ ಮುಂದೆ ಬೇಕಾದಷ್ಟು ಹೊತ್ತು ನಿಲ್ಲುತ್ತೇನೆ, ಹಿಂದಿನಿಂದ ಯಾರೂ ಹಾರ್ನ್ ಹೊಡೆಯುವುದಿಲ್ಲ.

ಅಬ್ದುಲಸಮದ ಪುಸ್ತಕ ಕಟ್ಟುತ್ತ, "ಮೊಮ್ಮಗಗೇನ್ರಿ ಕಾಕಾ?" ಎಂದ. ಈ ವಯಸ್ಸಿನಲ್ಲಿ ನನಗೇ ಎನ್ನಲು ನಾಚಿಕೆಯಾಗಿ ಗೋಣು ಹಾಕಿದೆ. ನಮ್ಮ ಓಣಿಯ ಸೋನಾಬಾಯಿ ಅಲ್ಲೇ ಪಾಟಿ-ಬಳಪ ಕೊಳ್ಳುತ್ತ ನಿಂತದ್ದು ನನಗೆ ಕಂಡಿರಲಿಲ್ಲ. ನಾನು ತಿಕೋಟಾದಲ್ಲಿ ಬಸ್ ಇಳಿಯುವ ಮೊದಲೇ ಸುದ್ದಿ ಇಳಿದಾಗಿತ್ತು.

"ಶಾಂತಪ್ಪಣ್ಣಾ, ವಿಶಾಖಾಗ ಎಷ್ಟ ತಿಂಗಳೋ?"

"ಹಂಗೇನಿಲ್ಲ ಬೇ."

"ಹೌದೌದು, ಐದ ತುಂಬೂತನಕ ಬಾಯಿ ಬಿಡಬಾರದು. ನೀ ಹೇಳಬ್ಯಾಡ ಬಿಡು," ಎಂದು ಸೋನಾಬಾಯಿ ಕಣ್ಣು ಮಿಟುಕಿಸಿದಳು.

ನಾನು ಇಲ್ಲ ಎಂದಷ್ಟೂ ಅವರಿಗೆ ಖಾತ್ರಿಯಾಗುತ್ತ ಹೋಯಿತು. ಬಳೆ ಮಾರುವ ಅಬೇದಾ ಹಸಿರು ಬಳೆ ತಂದು ನನ್ನ ಮುಂದಿಟ್ಟಳು. "ತಾಯಿ ಇಲ್ಲದ ಹುಡುಗಿ. ಕುಬಸದ ಬಳಿ ನಾವ ಇಡಸ್ತೇವ್ರಿ ಅಣ್ಣಾರ, ನೀವ ಸುಮ್ಮ ಕುಂದರ್ರಿ," ಎಂದಳು. ಬಸುರಿಗೆ ಮಾಡುವ ಮೊದಲ ಕುಬಸ ತವರಿನದೇ ಆಗಬೇಕಂತೆ. ಬರುವ ರವಿವಾರ ಟೆಂಪೋ ಮಾಡಿಕೊಂಡು ಸೊಲ್ಲಾಪುರಕ್ಕೆ, ನಿನ್ನ ಮನೆಗೆ, ಹೊರಡುವುದೆಂದು ಅವರವರೇ ಗೊತ್ತು ಮಾಡಿಬಿಟ್ಟರು. ಇಂಥ ವಿಷಯದಲ್ಲಿ ಗಂಡಸು ಬಾಯಿ ಹಾಕುವುದು ಹೇಗೆ? ಬೆವರು ಒರೆಸಿಕೊಳ್ಳುತ್ತ ಕೂತೆ.

ಕೊನೆಗೆ ನಿನ್ನೆ ಎಲ್ಲರನ್ನೂ ಕರೆದು, "ಪುಸ್ತಕ ನನಗ ತಂದೇನಿ. ನಾನ ಓದತೇನಿ," ಎಂದೆ. ಸೋನಾಬಾಯಿ, "ಚಿತ್ರದ ಪುಸ್ತಕಾ? ನಿನಗಾ?" ಎಂದು ಅಬೇದಾಳ ಮುಖ ನೋಡಿದಳು. ಶಾಂತಪ್ಪನಿಗೆ ಅರಳುಮರಳು ಎಂಬ ಹೊಸ ಚಿಂತೆ ಈಗ ಓಣಿಗೆ. ನಾನೂ ಬಿಡಲಿಲ್ಲ, ಆಡಿನ ಪುಸ್ತಕ ತೆಗೆದು ಕೊಟ್ಟೆ. ಅಬೇದಾ ಒಲ್ಲೆ ಒಲ್ಲೆ ಎನ್ನುತ್ತಲೇ ಪುಟ ತಿರುವಿ, "ಅಯ್ಯ, ಇಲ್ಲೊಂದ ಇಲಿ ಐತಿ ನೋಡ ಬೇ!" ಎಂದು ಕೂಗಿದಳು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಇಲಿ ಹುಡುಕಿದ್ದೇ ಹುಡುಕಿದ್ದು.

ಟೆಂಪೋ ಬೇಡವೆಂದಾಯಿತು. ಬಳೆ ಮಾತ್ರ ಅಬೇದಾ ಒಯ್ಯಲಿಲ್ಲ, ಹಸಿರು ಬಳೆ ತಿರುಗಿ ಒಯ್ಯಬಾರದಂತೆ. ಅವನ್ನು ಎಲ್ಲಿಡಬೇಕೋ ತಿಳಿಯದೆ ಮನೆಯಲ್ಲಿ ಅಲ್ಲಿಂದಿಲ್ಲಿಗೆ ಹೊತ್ತು ತಿರುಗುತ್ತಿದ್ದೇನೆ. ಅಂಗಡಿಯಲ್ಲಿ ಗೋಣು ಹಾಕಿದ್ದು ಬರೀ ನಾಚಿಕೆಗೋ, ಒಳಗೊಳಗೆ ಆಸೆಯೂ ಇತ್ತೋ, ಅದೂ ನನಗೆ ಬಗೆಹರಿಯುತ್ತಿಲ್ಲ.

ಹೊತ್ತು ಹೊತ್ತಿಗೆ ಉಣ್ಣು. ಶಾಲೆಯ ಕೆಲಸ ಮನೆಗೆ ಹೊತ್ತು ತರಬೇಡ. ನೀನೂ ಅಜಿತನೂ ನಗುನಗುತ್ತ ಬಾಳಿರಿ.

ನಿನ್ನ ಅಪ್ಪ,
ಶಾಂತಪ್ಪ

ತಾ. ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಟೆಂಪೋ ಬರುತ್ತದೆಂದು ಎಚ್ಚರಿಸಲು ಮೊನ್ನೆ ಅಜಿತನಿಗೆ ಫೋನ್ ಮಾಡಿದ್ದೆ. ಅವನು ಹೊರಗೆ ಬಂದು ಬಾಗಿಲು ಎಳೆದುಕೊಂಡ ಸಪ್ಪಳ ಕೇಳಿತು. ಆಮೇಲೆ, "ಮಾವಾರ, ದೀಪಾವಳಿ ಮುಂದ ವಿಶಾಖಾನ ಬಸುರ ಇಳದ ಹೋತ್ರಿ. ನಿಮಗ ಹೇಳಬ್ಯಾಡ ಅಂದಿದ್ಲು," ಎಂದ. ಹಬ್ಬಕ್ಕೆ ಯಾಕೆ ಬರಲಿಲ್ಲ ಎಂದರೆ ನೀನು ರಜೆ ಸಿಗಲಿಲ್ಲ ಎಂದಿದ್ದೆ, ನಾನು ನಂಬಿದ್ದೆ. ಅವ್ವ ಬದುಕಿದ್ದರೆ ನೀನು ಅವಳಿಗೆ ಹೇಳಿಕೊಳ್ಳುತ್ತಿದ್ದೆ, ಅದು ಗೊತ್ತು. ಅಪ್ಪನಿಗೆ ಇಂಥದ್ದನ್ನು ಹೇಗೆ ಹೇಳುವುದು ಎಂದುಕೊಂಡಿರಬೇಕು. ಹೇಳಿದ್ದರೆ ನಾನಾದರೂ ಏನು ಮಾಡುತ್ತಿದ್ದೆನೋ, ನನಗೂ ತಿಳಿಯದು. ಆದರೆ ಬರುತ್ತಿದ್ದೆ ಮಗಳೇ. ಬಂದು ದವಾಖಾನೆಯ ಬಾಗಿಲ ಹೊರಗಾದರೂ ಕೂತಿರುತ್ತಿದ್ದೆ.